ಶಾಲೆಯ ಸ್ಟಾಫ್ ಮೀಟಿಂಗ್ ಒಂದು ಗಂಟೆಯೊಳಗೆ ಮುಗಿಯಬೇಕಾದರೆ ಏನು ಮಾಡಬೇಕು?

ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಸ್ಟಾಫ್ ಮೀಟಿಂಗ್ ಇದೆ ಅಂದರೆ ಸಾಕು, ನಮ್ಮಲ್ಲಿ ಎಲ್ಲರ ಮುಖ ಇಳಿಯುತ್ತಿತ್ತು. ಕೆಲಸ ಮಾಡಲು ಬೇಜಾರು ಅಂತಲ್ಲ. ಎರಡು ಗಂಟೆ ಕೂತು ಎದ್ದ ಮೇಲೂ ಏನು ತೀರ್ಮಾನ ಆಯಿತು ಅಂತ ಯಾರನ್ನು ಕೇಳಿದರೂ ಗೊತ್ತಿರುತ್ತಿರಲಿಲ್ಲ, ಅದಕ್ಕೆ. ನಾನು ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರು. ಮಧ್ಯೆ ಕೆಲವು ವರ್ಷ ಪ್ರಭಾರ ಮುಖ್ಯಶಿಕ್ಷಕನಾಗಿಯೂ ಇದ್ದೆ. ಹಾಗಾಗಿ ಮೀಟಿಂಗಿನಲ್ಲಿ ಕೂತು ಗಡಿಯಾರ ನೋಡಿದ್ದೂ ಗೊತ್ತು, ಮೀಟಿಂಗ್ ನಡೆಸಿ ದಾರಿ ತಪ್ಪಿದ್ದೂ ಗೊತ್ತು. ಏನೇನು ಬದಲಾಯಿಸಿದ ಮೇಲೆ ಸರಿಹೋಯಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಲೆಕ್ಕ ಹಾಕಿ. ನಾವು 11 ಜನ. ಎರಡು ಗಂಟೆ ಮೀಟಿಂಗ್ ಅಂದರೆ ಎಲ್ಲರದ್ದೂ ಸೇರಿ 22 ಗಂಟೆ. 40 ನಿಮಿಷದ ಪೀರಿಯಡ್ ಲೆಕ್ಕದಲ್ಲಿ 33 ಪೀರಿಯಡ್. ಒಂದು ತರಗತಿಗೆ ನಾಲ್ಕು ದಿನ ಪಾಠ ಮಾಡಿದರೂ ಇನ್ನೂ ಉಳಿಯುತ್ತದೆ. ಈ ಲೆಕ್ಕವನ್ನು ಒಂದು ಸಲ ಬೋರ್ಡ್ ಮೇಲೆ ಬರೆದು ತೋರಿಸಿದೆ. ಆಮೇಲೆ ಮೀಟಿಂಗ್ ಉದ್ದ ಎಳೆಯುವುದು ಯಾರಿಗೂ ಸಣ್ಣ ವಿಷಯ ಅನಿಸಲಿಲ್ಲ.

ಎಲ್ಲಕ್ಕಿಂತ ಮೊದಲು ನಿಲ್ಲಿಸಬೇಕಾದದ್ದು ಸುತ್ತೋಲೆ ಓದುವುದನ್ನು. ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಬಂದದ್ದು, ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು) ಕಚೇರಿಯಿಂದ ಬಂದದ್ದು, ಮಕ್ಕಳ ವಿವರ ದಾಖಲಿಸುವ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ಯಾವ ದಿನಾಂಕದೊಳಗೆ ಏನು ತುಂಬಬೇಕು, ಎಸ್ಸೆಸ್ಸೆಲ್ಸಿ ಆಂತರಿಕ ಅಂಕ ಯಾವಾಗ ಅಪ್‌ಲೋಡ್ ಆಗಬೇಕು, ಹೀಗೆ ಒಂದರ ಹಿಂದೆ ಒಂದು ಓದುತ್ತಾ ಹೋದರೆ ಮುಕ್ಕಾಲು ಗಂಟೆ ಅಲ್ಲೇ ಹೋಗುತ್ತದೆ. ಇವೆಲ್ಲ ತಿಳಿಸುವ ವಿಷಯಗಳು, ಚರ್ಚೆ ಮಾಡುವ ವಿಷಯಗಳಲ್ಲ. ಎಲ್ಲರಿಗೂ ಓದಲು ಬರುತ್ತದೆ, ಅಲ್ವಾ? ಸುತ್ತೋಲೆ ಬಂದ ದಿನವೇ ಶಾಲೆಯ ವಾಟ್ಸಾಪ್ ಗುಂಪಿಗೆ ಹಾಕಿ. ಆದರೆ ಪಿಡಿಎಫ್ ಸುಮ್ನೆ ಫಾರ್ವರ್ಡ್ ಮಾಡಬೇಡಿ, ಯಾರೂ ತೆರೆಯುವುದಿಲ್ಲ. ಮೇಲೆ ಒಂದು ಸಾಲು ಬರೆಯಿರಿ: ಯಾರು, ಏನು, ಯಾವ ತಾರೀಕಿನೊಳಗೆ. ಮುದ್ರಿಸಿದ ಪ್ರತಿಯನ್ನು ಸೂಚನಾ ಪುಸ್ತಕಕ್ಕೆ ಅಂಟಿಸಿ ಸಹಿ ತೆಗೆದುಕೊಳ್ಳಿ. ತನಿಖೆಗೆ ಬಂದವರು ಕೇಳಿದರೆ ದಾಖಲೆಯೂ ಇರುತ್ತದೆ.

ಹಾಗಾದರೆ ಮೀಟಿಂಗಿಗೆ ಏನು ಉಳಿಯಿತು? ಎಲ್ಲರೂ ಸೇರಿ ತೀರ್ಮಾನ ಮಾಡಬೇಕಾದದ್ದು ಮಾತ್ರ. ಅದನ್ನು ಪ್ರಶ್ನೆಯ ರೂಪದಲ್ಲೇ ಬರೆಯಬೇಕು. ‘ವಿಶೇಷ ತರಗತಿ ಕುರಿತು’ ಅಂತ ಬರೆದರೆ ಅದಕ್ಕೆ ತುದಿಯೂ ಇಲ್ಲ ಬುಡವೂ ಇಲ್ಲ, ಯಾರು ಏನು ಬೇಕಾದರೂ ಮಾತಾಡಬಹುದು. ‘ಹತ್ತನೇ ತರಗತಿಗೆ ವಿಶೇಷ ತರಗತಿ ಬೆಳಿಗ್ಗೆಯೋ ಸಂಜೆಯೋ?’ ಅಂತ ಬರೆದರೆ ಉತ್ತರ ಸಿಕ್ಕ ತಕ್ಷಣ ಮುಂದಕ್ಕೆ ಹೋಗಬಹುದು. ಗುರುವಾರವೇ ಒಂದು ಹಾಳೆಯಲ್ಲಿ ಮೂರೋ ನಾಲ್ಕೋ ಪ್ರಶ್ನೆ ಬರೆದು, ಒಂದೊಂದರ ಮುಂದೆ ಎಷ್ಟು ನಿಮಿಷ ಅಂತ ಹಾಕಿ, ಸ್ಟಾಫ್ ರೂಮಿನಲ್ಲಿ ಅಂಟಿಸಿ. ಬರೆಯಲು ಕೂತಾಗ ಒಂದು ಪ್ರಶ್ನೆಯೂ ಹೊಳೆಯಲಿಲ್ಲ ಅಂದರೆ ಆ ವಾರ ಮೀಟಿಂಗ್ ಬೇಡ. ರದ್ದು ಮಾಡಿ. ನಾನು ಮೊದಲ ಸಲ ಹಾಗೆ ರದ್ದು ಮಾಡಿದಾಗ ಹಿರಿಯ ಟೀಚರೊಬ್ಬರು ಬಂದು ‘ನಿಜವಾಗಲೂ ಇಲ್ವಾ ಸರ್?’ ಅಂತ ಎರಡು ಸಲ ಕೇಳಿದ್ದರು.

ಪ್ರಶ್ನೆ ಬರೆದರೆ ಮಾತ್ರ ಸಾಲದು, ಉತ್ತರಕ್ಕೆ ಬೇಕಾದ ಮಾಹಿತಿಯನ್ನು ಯಾರೋ ಒಬ್ಬರು ಮೊದಲೇ ತಂದಿರಬೇಕು. ಇದು ನಮಗೆ ಪೆಟ್ಟು ತಿಂದು ಗೊತ್ತಾಯಿತು. ವಿಶೇಷ ತರಗತಿಯನ್ನು ಸಂಜೆ ಇಡೋಣ ಅಂತ ಒಂದು ವರ್ಷ ಒಂದು ಗಂಟೆ ವಾದ ಮಾಡಿ ತೀರ್ಮಾನಿಸಿದೆವು. ಸೋಮವಾರ ಶುರುವಾಯಿತು, ಗುರುವಾರಕ್ಕೆ ಹೆಣ್ಣುಮಕ್ಕಳ ಪೋಷಕರು ಶಾಲೆಗೆ ಬಂದರು. ನಾಲ್ಕೂವರೆಯ ಬಸ್ ತಪ್ಪಿದರೆ ಆ ಮೂರು ಹಳ್ಳಿಗಳಿಗೆ ಮುಂದಿನ ಬಸ್ ಆರೂವರೆಗೆ. ಕತ್ತಲಲ್ಲಿ ಮಕ್ಕಳು ರಸ್ತೆಯಿಂದ ಊರೊಳಗೆ ನಡೆಯಬೇಕು. ಒಂದು ಗಂಟೆ ಮಾತಾಡಿದ 11 ಜನರಲ್ಲಿ ಒಬ್ಬರೂ ಬಸ್ಸಿನ ಸಮಯ ಕೇಳಿರಲಿಲ್ಲ, ನಾನೂ ಸೇರಿ. ಮುಂದಿನ ವರ್ಷ ಸಮಾಜ ವಿಜ್ಞಾನದ ಟೀಚರ್ ಮಕ್ಕಳನ್ನೇ ಕೇಳಿ ಯಾವ ಊರು, ಯಾವ ಬಸ್, ಎಷ್ಟು ಹೊತ್ತಿಗೆ ಅಂತ ಅರ್ಧ ಹಾಳೆಯಲ್ಲಿ ಬರೆದು ತಂದರು. ಎಂಟು ನಿಮಿಷದಲ್ಲಿ ಮುಗಿಯಿತು. ಬೆಳಿಗ್ಗೆ 9ಕ್ಕೆ.

ಇನ್ನು ಯಾವ ವಿಷಯ ಮೊದಲು ಅನ್ನುವುದು. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಸುಲಭದ್ದನ್ನು ಮೊದಲು ಮುಗಿಸಿಬಿಡೋಣ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಸುಲಭದ ವಿಷಯದಲ್ಲಿ ಎಲ್ಲರಿಗೂ ಅಭಿಪ್ರಾಯ ಇರುತ್ತದೆ, ಹಾಗಾಗಿ ಅದು ಮುಗಿಯುವುದೇ ಇಲ್ಲ. ಒಂದು ಆಗಸ್ಟಿನಲ್ಲಿ ಸ್ವಾತಂತ್ರ್ಯ ದಿನಕ್ಕೆ ಲಾಡು ಹಂಚೋಣವೋ ಬೂಂದಿಯೋ, ಯಾವ ಅಂಗಡಿಯಿಂದ, ದಾನಿಗಳನ್ನು ಕೇಳೋಣವೋ ಬೇಡವೋ ಅಂತ 45 ನಿಮಿಷ ಮಾತಾಡಿದೆವು. ಅದೇ ಮೀಟಿಂಗಿನ ಕೊನೆಯ ವಿಷಯ, ಎಂಟನೇ ತರಗತಿಗೆ ಬಂದ 14 ಮಕ್ಕಳಿಗೆ ಒತ್ತಕ್ಷರ ಬಂದರೆ ಓದು ನಿಂತುಹೋಗುತ್ತದೆ ಅನ್ನುವುದು. ಅದಕ್ಕೆ ಸಿಕ್ಕಿದ್ದು ಐದು ನಿಮಿಷ. ಅಷ್ಟರಲ್ಲಿ ಅರ್ಧ ಜನ ಬ್ಯಾಗ್ ಹೆಗಲಿಗೆ ಹಾಕಿಯಾಗಿತ್ತು. ‘ಕನ್ನಡ ಟೀಚರ್ ಸ್ವಲ್ಪ ಗಮನ ಕೊಡಲಿ’ ಅಂತ ಬರೆದು ಮುಗಿಸಿದೆವು. ಅವತ್ತು ಮನೆಗೆ ಹೋದ ಮೇಲೂ ಅದು ನನ್ನನ್ನು ಕಾಡಿತು. ಆಮೇಲಿಂದ ಕಷ್ಟದ ವಿಷಯವೇ ಮೊದಲು. ತಲೆ ಚುರುಕಾಗಿರುವಾಗ, ಹೊಟ್ಟೆ ಹಸಿಯದಿರುವಾಗ ಅದನ್ನು ತೆಗೆದುಕೊಳ್ಳಬೇಕು. ಸಿಹಿ ಯಾವುದು ಅನ್ನುವುದನ್ನು ಇಬ್ಬರಿಗೆ ವಹಿಸಿ, ಅವರು ತಂದದ್ದನ್ನು ಎಲ್ಲರೂ ತಿಂದರಾಯಿತು.

ಟೀ ಮೊದಲೇ ಕುಡಿದುಬಿಡಿ. ನಡುವೆ ಬಂದರೆ ಹತ್ತು ನಿಮಿಷ ಹೋಗುತ್ತದೆ, ಹಿಡಿದ ಎಳೆಯೂ ತಪ್ಪುತ್ತದೆ. ಹೇಳಿದ ಸಮಯಕ್ಕೆ ಶುರು ಮಾಡಿ, ತಡವಾಗಿ ಬಂದವರಿಗೆ ಮೊದಲಿಂದ ಹೇಳಬೇಡಿ. ಬಿಸಿಯೂಟದ ವಿಷಯ ಇದ್ದರೆ ಅಡುಗೆಯವರನ್ನು ಆ ವಿಷಯಕ್ಕೆ ಕರೆದು, ಮುಗಿದ ತಕ್ಷಣ ಕಳಿಸಿ. ಅವರು ಎಸ್ಸೆಸ್ಸೆಲ್ಸಿ ಫಲಿತಾಂಶದ ಚರ್ಚೆ ಕೇಳುತ್ತಾ ಕೂತಿರಬೇಕಾಗಿಲ್ಲ.

ಮಾತಾಡುವವರು ಯಾರು ಅನ್ನುವುದನ್ನೂ ಗಮನಿಸಬೇಕು. ನಮ್ಮಲ್ಲಿ ಮೂರು ಜನ ಮಾತಾಡುತ್ತಿದ್ದರು, ಎಂಟು ಜನ ಕೇಳುತ್ತಿದ್ದರು. ಅತಿಥಿ ಶಿಕ್ಷಕರಂತೂ ಬಾಯಿ ಬಿಡುತ್ತಿರಲಿಲ್ಲ. ನೌಕರಿ ಖಾಯಂ ಅಲ್ಲ, ಯಾಕೆ ಬೇಕು ಅನ್ನುವ ಹೆದರಿಕೆ. ಇದಕ್ಕೆ ಎರಡು ಉಪಾಯ ಇದೆ. ಒಂದು, ಎಲ್ಲರೂ ಮೂರು ನಿಮಿಷ ಸುಮ್ಮನೆ ಕೂತು ಚೀಟಿಯಲ್ಲಿ ತಮ್ಮ ಉತ್ತರ ಬರೆಯುವುದು. ಎರಡು, ಹೊಸಬರಿಂದ ಶುರು ಮಾಡಿ ಕೊನೆಗೆ ಹಿರಿಯರಿಗೆ ಬರುವುದು. ಮುಖ್ಯಶಿಕ್ಷಕರು ಎಲ್ಲರಿಗಿಂತ ಕೊನೆಗೆ ಮಾತಾಡಬೇಕು. ನಾನು ಮೊದಲು ನನ್ನ ಅಭಿಪ್ರಾಯ ಹೇಳಿಬಿಟ್ಟರೆ ಉಳಿದವರು ‘ಹೌದು ಸರ್’ ಅಂತಾರೆ, ಅಲ್ಲಿಗೆ ಮುಗಿಯಿತು. ಗಣಿತ ಮತ್ತು ವಿಜ್ಞಾನದ ಮೇಷ್ಟ್ರು ಇಬ್ಬರೇ ಪೀರಿಯಡ್ ಅದಲುಬದಲಿನ ಬಗ್ಗೆ ವಾದಕ್ಕೆ ಇಳಿದರೆ, ‘ಇದು ನಿಮ್ಮಿಬ್ಬರ ವಿಷಯ, ಸೋಮವಾರ ಬೆಳಿಗ್ಗೆ ಮೂವರೂ ಕೂರೋಣ’ ಅಂತ ಹೇಳಿ ಮುಂದಕ್ಕೆ ಹೋಗಿ. ಯಾರಿಗೂ ಬೇಜಾರಾಗುವುದಿಲ್ಲ, ಆದರೆ ಸೋಮವಾರ ಖಂಡಿತ ಕೂರಬೇಕು.

ಮೀಟಿಂಗಿನಲ್ಲಿ ಬೈಯಬೇಡಿ. ‘ಕೆಲವರು ತಡವಾಗಿ ಬರುತ್ತಿದ್ದಾರೆ’ ಅಂತ ಶುರು ಮಾಡಿದರೆ ಸಮಯಕ್ಕೆ ಬರುವ ಒಂಬತ್ತು ಜನ ಸುಮ್ನೆ ನೊಂದುಕೊಳ್ಳುತ್ತಾರೆ, ತಡವಾಗಿ ಬರುವ ಇಬ್ಬರಿಗೆ ಅದು ತಾಗುವುದೇ ಇಲ್ಲ. ಆ ಇಬ್ಬರನ್ನು ಕೋಣೆಗೆ ಕರೆದು, ಕೂರಿಸಿ, ಏನು ತೊಂದರೆ ಅಂತ ಕೇಳಿ. ಒಬ್ಬರ ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇದ್ದದ್ದು ನನಗೆ ಹಾಗೆ ಕೇಳಿದಾಗಲೇ ಗೊತ್ತಾಗಿದ್ದು.

ನಡಾವಳಿ ಪುಸ್ತಕವನ್ನು ಮರುದಿನ ಬರೆಯುವ ಅಭ್ಯಾಸ ಬಿಡಿ. ಅಲ್ಲೇ, ಆಗಲೇ ಬರೆಯಬೇಕು. ‘ಕೂಲಂಕಷವಾಗಿ ಚರ್ಚಿಸಲಾಯಿತು’ ಅನ್ನುವ ಸಾಲು ಬೇಕಿಲ್ಲ. ಮೂರು ಕಾಲಂ ಸಾಕು: ಕೆಲಸ, ಹೆಸರು, ತಾರೀಕು. ಹೆಸರಿನ ಕಾಲಂನಲ್ಲಿ ಒಬ್ಬರ ಹೆಸರು ಮಾತ್ರ. ‘ಎಲ್ಲ ಶಿಕ್ಷಕರು’ ಅಂತ ಬರೆದ ಕೆಲಸ ಆದದ್ದನ್ನು ನಾನು ಇವತ್ತಿನವರೆಗೆ ನೋಡಿಲ್ಲ. ಸಹಾಯಕ್ಕೆ ಎಷ್ಟು ಜನ ಬೇಕಾದರೂ ಇರಲಿ, ಕೇಳಿದರೆ ಉತ್ತರ ಹೇಳುವವರು ಒಬ್ಬರೇ ಇರಬೇಕು. ಏಳುವ ಮೊದಲು ಅಷ್ಟನ್ನೂ ಜೋರಾಗಿ ಓದಿ, ಸಹಿ ಹಾಕಿಸಿ. ಮುಂದಿನ ಮೀಟಿಂಗ್ ಅದೇ ಪುಟದಿಂದ ಶುರುವಾಗಬೇಕು.

ಇವತ್ತು ಯಾರು ರಜೆ, ಅವರ ಪೀರಿಯಡ್ ಯಾರು ತೆಗೆದುಕೊಳ್ಳುತ್ತಾರೆ, ಯಾವ ಮಗು ಮೂರು ದಿನದಿಂದ ಬಂದಿಲ್ಲ, ಇಂಥದ್ದಕ್ಕೆ ಶನಿವಾರದವರೆಗೆ ಕಾಯಬೇಡಿ. ಪ್ರಾರ್ಥನೆಗೆ ಮೊದಲು ಏಳೆಂಟು ನಿಮಿಷ ಸ್ಟಾಫ್ ರೂಮಿನಲ್ಲಿ ನಿಂತುಕೊಂಡೇ ಮಾತಾಡಿ ಮುಗಿಸಿ. ಕೂತರೆ ಮಾತು ಬೆಳೆಯುತ್ತದೆ.

ಆ 14 ಮಕ್ಕಳ ವಿಷಯವನ್ನು ಸೆಪ್ಟೆಂಬರಿನಲ್ಲಿ ಮತ್ತೆ ತೆಗೆದುಕೊಂಡೆವು, ಈ ಸಲ ಮೊದಲ ಪ್ರಶ್ನೆಯಾಗಿ. 35 ನಿಮಿಷ ಕೊಟ್ಟೆವು. ಹಿಂದಿ ಟೀಚರ್, ಡ್ರಾಯಿಂಗ್ ಮೇಷ್ಟ್ರು, ಒಬ್ಬ ಅತಿಥಿ ಶಿಕ್ಷಕಿ ತಾವೂ ಒಂದೊಂದು ಗುಂಪು ನೋಡಿಕೊಳ್ಳುತ್ತೇವೆ ಅಂದರು. ಊಟದ ನಂತರ ದಿನಾ 20 ನಿಮಿಷ, ಕನ್ನಡ ಟೀಚರ್ ಹೆಸರಿನಲ್ಲಿ, ಅಕ್ಟೋಬರ್ ರಜೆಯೊಳಗೆ ಅಂತ ಪುಸ್ತಕಕ್ಕೆ ಬಿತ್ತು. ರಜೆ ಮುಗಿಸಿ ಬಂದ ಮೇಲೆ ಮೊದಲ ಮೀಟಿಂಗಿನಲ್ಲಿ ಅದೇ ಸಾಲು ಓದಿದೆ. ಐದು ಮಕ್ಕಳು ಸರಾಗವಾಗಿ ಓದುತ್ತಿದ್ದಾರೆ ಅಂದರು ಕನ್ನಡ ಟೀಚರ್. ಉಳಿದ ಒಂಬತ್ತು ಮಕ್ಕಳ ಹೆಸರು ಬೋರ್ಡ್ ಮೇಲೆ ಬರೆದು ಅವತ್ತಿನ ಮೀಟಿಂಗ್ ಶುರು ಮಾಡಿದೆವು.