ಕಾರಿನ ಬೆನ್ನಿಗೊಂದು ಮನೆ, ಅದರ ತೂಕದ ಲೆಕ್ಕ

ಕಾರಿನ ಹಿಂದೆ ಎಳೆದುಕೊಂಡು ಹೋಗುವ ಪುಟ್ಟ ಮನೆಯಂಥ ನಮ್ಮ ಟ್ರೇಲರ್ ಮೊದಲ ಸಲ ಓಲಾಡಿದ್ದು ಒಂದು ಉದ್ದನೆಯ ಇಳಿಜಾರಿನಲ್ಲಿ. ವೇಗ ಗಂಟೆಗೆ 90 ಕಿ.ಮೀ. ಇತ್ತು. ದೊಡ್ಡ ಲಾರಿಯೊಂದು ಪಕ್ಕದಲ್ಲೇ ಮುಂದೆ ಹೋಯಿತು. ಅದು ತಳ್ಳಿದ ಗಾಳಿಗೆ ಟ್ರೇಲರ್ ಒಮ್ಮೆ ಅತ್ತ ಹೋಯಿತು, ಒಮ್ಮೆ ಇತ್ತ ಬಂತು. ಮೂರನೇ ಸಲಕ್ಕೆ ಕಾರಿನ ಹಿಂಭಾಗವನ್ನೇ ಹಿಡಿದು ಅಲ್ಲಾಡಿಸತೊಡಗಿತು. ಮಾಡಬಾರದ್ದನ್ನೇ ನಾನು ಮಾಡಿದೆ, ಬ್ರೇಕ್ ಒತ್ತಿದೆ. ಓಲಾಟ ಇನ್ನೂ ಜೋರಾಯಿತು. ಹೆದರಿ ಕಾಲು ತೆಗೆದೆ, ಸ್ಟೀರಿಂಗನ್ನು ನೆಟ್ಟಗೆ ಹಿಡಿದುಕೊಂಡೆ. ವೇಗ 70ಕ್ಕೆ ಇಳಿದ ಮೇಲೆ ಅದು ತಾನಾಗಿಯೇ ಸುಮ್ಮನಾಯಿತು. ಪಕ್ಕದಲ್ಲಿದ್ದ ಹೆಂಡತಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ರೀ, ಇದನ್ನ ಮಾರಿಬಿಡೋಣ್ವಾ?" ಅಂದಳು.

ಮಾರಲಿಲ್ಲ. ಆದರೆ ಆ ದಿನದವರೆಗೆ ನಾನು ಟ್ರೇಲರ್ ಅಂದರೆ ಒಳಗಿನ ಅಲಂಕಾರ ಅಂದುಕೊಂಡಿದ್ದೆ. ಯಾವ ಹಾಸಿಗೆ, ಯಾವ ದೀಪ, ಯಾವ ಒಲೆ ಅಂತ ತಲೆ ಕೆಡಿಸಿಕೊಂಡಿದ್ದೆ. ತೂಕ ಎಲ್ಲಿ ಕೂತಿದೆ ಅನ್ನುವುದರ ಕಡೆ ಒಂದು ದಿನವೂ ನೋಡಿರಲಿಲ್ಲ.

ಮೊದಲು ಕೊಂಡ ಕಥೆ ಹೇಳಿಬಿಡುತ್ತೇನೆ. 2022ರಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ತೆಗೆದುಕೊಂಡದ್ದು. ಒಂದೇ ಆಕ್ಸಲ್ (ಎರಡು ಚಕ್ರಗಳನ್ನು ಹೊರುವ ಅಚ್ಚು), ಪೆಟ್ಟಿಗೆಯ ಉದ್ದ 3.6 ಮೀಟರ್. ಇಬ್ಬರು ಮಲಗಬಹುದು, ಮಳೆ ಬಂದರೆ ಒಳಗೆ ಕೂತು ಅಡುಗೆ ಮಾಡಬಹುದು. ನೋಡಲು ಹೋದಾಗ ನಾನು ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದೆ. ಬಾಗಿಲು ತೆರೆದ ತಕ್ಷಣ ಮೂಗು ಕೊಟ್ಟೆ. ಮುಗ್ಗಲು ವಾಸನೆ ಇದ್ದರೆ ಎಲ್ಲೋ ನೀರು ಇಳಿದಿದೆ ಎಂದೇ ಅರ್ಥ. ಆಮೇಲೆ ನಾಲ್ಕೂ ಮೂಲೆಯಲ್ಲಿ ನೆಲವನ್ನು ಹಿಮ್ಮಡಿಯಿಂದ ಒತ್ತಿ ನೋಡಿದೆ. ಹಿಂದಿನ ಎಡಮೂಲೆ ಸ್ವಲ್ಪ ಮೆತ್ತಗಿತ್ತು. ಅದನ್ನು ತೋರಿಸಿ ಬೆಲೆ ಇಳಿಸಿಕೊಂಡೆ.

ಆ ಮೂಲೆಗೆ ನೀರು ಬರುತ್ತಿದ್ದದ್ದು ಮೇಲಿನ ಕಿಟಕಿಯಿಂದ. ಹಿಂದಿನ ಮಾಲೀಕರು ಸಂದಿಗೆಲ್ಲ ಸಿಲಿಕಾನ್ ಬಳಿದಿದ್ದರು. ಹಳೇ ಸಿಲಿಕಾನ್ ಮೇಲೆ ಏನೂ ಸರಿಯಾಗಿ ಅಂಟುವುದಿಲ್ಲ, ಹೊಸ ಸಿಲಿಕಾನ್ ಕೂಡ. ಎಲ್ಲವನ್ನೂ ಕೆರೆದು ತೆಗೆಯುವುದಕ್ಕೇ ಎರಡು ದಿನ ಹಿಡಿಯಿತು. ಕಿಟಕಿಯನ್ನು ಪೂರ್ತಿ ಬಿಚ್ಚಿ, ಚೌಕಟ್ಟಿನ ಸುತ್ತ ಬ್ಯೂಟೈಲ್ ಟೇಪ್ ಹಾಕಿ ಮತ್ತೆ ಕೂರಿಸಿದೆ. ಅದು ಗಟ್ಟಿಯಾಗದ ಅಂಟು. ರಸ್ತೆಯಲ್ಲಿ ಗೋಡೆ ಎಷ್ಟು ಅಲುಗಾಡಿದರೂ ಬಿರುಕು ಬಿಡುವುದಿಲ್ಲ. ಟ್ರೇಲರ್ ಅಂದರೆ ದಿನಾ ಭೂಕಂಪಕ್ಕೆ ಸಿಕ್ಕುವ ಮನೆ ಅಲ್ವಾ!

ಟೈರಿನಲ್ಲಿ ಮಾತ್ರ ಮೋಸಹೋದೆ. ಹಲ್ಲುಗಳು ಹೊಸದರಂತೆ ಆಳವಾಗಿದ್ದವು, ಅದನ್ನೇ ನೋಡಿ ಖುಷಿಪಟ್ಟೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. ನಮ್ಮದರಲ್ಲಿ 2214 ಅಂತ ಇತ್ತು, ಅಂದರೆ 2014ರ 22ನೇ ವಾರದಲ್ಲಿ ತಯಾರಾದದ್ದು. ಎಂಟು ವರ್ಷ ಹಳೆಯದು. ಟ್ರೇಲರಿನ ಟೈರ್ ಓಡಿ ಸವೆಯುವುದಕ್ಕಿಂತ ನಿಂತಲ್ಲೇ ಮುದಿಯಾಗುವುದು ಜಾಸ್ತಿ. ಮೂರನೇ ಪ್ರವಾಸದಲ್ಲಿ ಒಂದರ ಮೇಲ್ಪದರ ಕಿತ್ತುಕೊಂಡು ಹೋಯಿತು, ಚಕ್ರದ ಮೇಲಿನ ಮಡ್‌ಗಾರ್ಡನ್ನೂ ಹರಿದುಹಾಕಿತು. ಈಗ ಐದಾರು ವರ್ಷಕ್ಕೆ ಬದಲಿಸುವುದು, ಹಲ್ಲು ಹೇಗೇ ಇರಲಿ. ಟ್ರೇಲರಿಗೆಂದೇ ಬರುವ ಟೈರುಗಳಲ್ಲಿ ಹಲವು ಗಂಟೆಗೆ 105 ಕಿ.ಮೀ. ವೇಗಕ್ಕೆ ಮಾತ್ರ ಮಾಡಿದವು. ಹಾಗಾಗಿ ಕಾರಿಗೆ ಶಕ್ತಿ ಇದೆ ಅಂತ ಒತ್ತುವ ಹಾಗಿಲ್ಲ. ನಾನಂತೂ 85 ದಾಟುವುದನ್ನೇ ಬಿಟ್ಟಿದ್ದೇನೆ.

ಈಗ ಓಲಾಟದ ವಿಷಯಕ್ಕೆ ಬರುತ್ತೇನೆ. ಆ ಪ್ರವಾಸದಿಂದ ಬಂದ ಮರುದಿನವೇ, ಒಳಗಿನ ಸಾಮಾನು ಇಳಿಸದೆ, ನೀರು ಕೂಡ ಖಾಲಿ ಮಾಡದೆ, ಟ್ರೇಲರನ್ನು ವೇಬ್ರಿಡ್ಜ್ ಮೇಲೆ ನಿಲ್ಲಿಸಿದೆ. ಬಾಗಿಲ ಪಕ್ಕದ ಪ್ಲೇಟಿನಲ್ಲಿ ಖಾಲಿ ತೂಕ 620 ಕೆ.ಜಿ., ಗರಿಷ್ಠ 900 ಕೆ.ಜಿ. ಅಂತ ಬರೆದಿತ್ತು. ಚೀಟಿಯಲ್ಲಿ ಬಂದದ್ದು 940.

ನಂಬಲಾಗಲಿಲ್ಲ. ಪುಟ್ಟ ಟ್ರೇಲರ್, ನಾವು ಇಬ್ಬರೇ, ಇಷ್ಟೆಲ್ಲ ಎಲ್ಲಿಂದ ಬಂತು? ಕೂತು ಲೆಕ್ಕ ಹಾಕಿದೆ. ತೊಟ್ಟಿಯಲ್ಲಿ 80 ಲೀಟರ್ ನೀರು ಅಂದರೆ 80 ಕೆ.ಜಿ. ಚಾವಣಿಯ ಮೇಲೆ ಹಿಂದಿನವರು ಹಾಕಿಸಿದ್ದ ಎಸಿ 35. ಲೆಡ್ ಆಸಿಡ್ ಬ್ಯಾಟರಿ 28. ತುಂಬಿದ ಗ್ಯಾಸ್ ಸಿಲಿಂಡರ್ 25. ಪಕ್ಕಕ್ಕೆ ಬಿಚ್ಚಿಕೊಳ್ಳುವ ನೆರಳಿನ ಚಪ್ಪರ 22. ಸ್ಟೆಪ್ನಿ 16. ಪ್ಲೇಟಿನ ಖಾಲಿ ತೂಕದಲ್ಲಿ ಇದ್ಯಾವುದೂ ಸೇರಿರಲಿಲ್ಲ. ಉಳಿದ 114 ಕೆ.ಜಿ. ಪೂರ್ತಿ ನಮ್ಮದೇ ಪುಣ್ಯ: ಹಾಸಿಗೆ, ಪಾತ್ರೆ, ಕುರ್ಚಿ, ಉಪಕರಣದ ಪೆಟ್ಟಿಗೆ, ಎರಡು ಸೈಕಲ್ಲು.

ಆದರೆ ಒಟ್ಟು ತೂಕಕ್ಕಿಂತ ಹೆದರಿಸಿದ್ದು ಮುಂಭಾಗದ ತೂಕ. ಎತ್ತಿನ ಗಾಡಿ ಹೇರುವವರಿಗೆ ಇದು ಗೊತ್ತೇ ಇರುತ್ತದೆ. ಮೂಕಿಯ ಕಡೆಗೆ ಭಾರ ಹೆಚ್ಚಾದರೆ ಎತ್ತಿನ ಹೆಗಲು ಸೋಲುತ್ತದೆ. ಹಿಂಭಾರವಾದರೆ ಗಾಡಿ ನೊಗವನ್ನೇ ಮೇಲಕ್ಕೆತ್ತುತ್ತದೆ. ಟ್ರೇಲರಿನ ಲೆಕ್ಕವೂ ಅದೇ. ಟ್ರೇಲರ್ ಸಿಕ್ಕಿಸಲು ಕಾರಿನ ಹಿಂದೆ ಇರುವ ಕೊಂಡಿಯೇ ಹಿಚ್, ಅದರ ತುದಿಯ ಗುಂಡೇ ಬಾಲ್. ಆ ಬಾಲ್ ಮೇಲೆ ಕೂರುವ ಭಾರವನ್ನು ನಾನು ಮೂಕಿ ಭಾರ ಅಂತಲೇ ಕರೆಯುತ್ತೇನೆ. ಅದು ಟ್ರೇಲರಿನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಇರಬೇಕು ಅನ್ನುವುದು ಅಮೆರಿಕದ ಕಡೆಯ ರೂಢಿ. ಬ್ರಿಟನ್ನಿನಲ್ಲಿ ಶೇ. 5ರಿಂದ 7 ಅನ್ನುತ್ತಾರೆ. ನಾನು ಮೊದಲನೆಯದನ್ನೇ ಹಿಡಿದೆ.

ಅಳೆಯುವುದು ಸುಲಭ. ಸಮತಟ್ಟಾದ ಜಾಗದಲ್ಲಿ ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು, ಮನೆಯಲ್ಲಿ ಮೈತೂಕ ನೋಡುವ ಯಂತ್ರವನ್ನು ಕಪ್ಲರಿನ, ಅಂದರೆ ಬಾಲನ್ನು ಹಿಡಿಯುವ ಟ್ರೇಲರಿನ ಮೂತಿಯ, ಕೆಳಗಿಟ್ಟೆ. ಮೇಲೊಂದು ಮರದ ದಿಮ್ಮಿ ನಿಲ್ಲಿಸಿದೆ. ಕಾರಿಗೆ ಸಿಕ್ಕಿಸಿದಾಗ ಕಪ್ಲರ್ ಎಷ್ಟು ಎತ್ತರದಲ್ಲಿರುತ್ತದೋ ಅಷ್ಟೇ ಎತ್ತರಕ್ಕೆ ಬರಬೇಕು, ಇಲ್ಲದಿದ್ದರೆ ಅಂಕಿ ತಪ್ಪುತ್ತದೆ. ಜಾಕ್ ನಿಧಾನಕ್ಕೆ ಇಳಿಸಿದೆ. 34 ಕೆ.ಜಿ. ಶೇ. 4ಕ್ಕೂ ಕಡಿಮೆ! ಬ್ರಿಟನ್ನಿನವರ ಲೆಕ್ಕಕ್ಕೂ ಸಾಲದು.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಎರಡು ಸೈಕಲ್ಲುಗಳನ್ನು ನಾನೇ ಹಿಂದಿನ ಬಂಪರಿಗೆ ಸ್ಟ್ಯಾಂಡ್ ಕಟ್ಟಿ ತೂಗುಹಾಕಿದ್ದೆ. ಅವುಗಳ ತೂಕ 30 ಕೆ.ಜಿ., ಆಕ್ಸಲಿನಿಂದ 2 ಮೀಟರ್ ಹಿಂದೆ. ಆಕ್ಸಲಿನಿಂದ ಬಾಲಿಗೆ 3 ಮೀಟರ್. ಏತದ ಲೆಕ್ಕ ಹಾಕಿದರೆ ಆ ಸೈಕಲ್ಲುಗಳು ಮೂಕಿಯಿಂದ 20 ಕೆ.ಜಿ. ಎತ್ತಿಬಿಟ್ಟಿದ್ದವು. ನೀರಿನ ತೊಟ್ಟಿಯೂ ಆಕ್ಸಲಿನ ಹಿಂದೆ. ಬ್ಯಾಟರಿಯೂ ಹಿಂದಿನ ಬೆಂಚಿನ ಕೆಳಗೆ. ಹಿಂಭಾರವಾದ ಇಂಥ ಟ್ರೇಲರನ್ನು ಗಾಳಿ ಒಂದು ಸಲ ತಳ್ಳಿದರೆ ಸಾಕು, ಲೋಲಕದ ಹಾಗೆ ತೂಗತೊಡಗುತ್ತದೆ.

ಆಮೇಲಿನ ಎರಡು ತಿಂಗಳು ನಾನು ಮಾಡಿದ್ದು ಬಿಚ್ಚುವ ಕೆಲಸ. ಸೈಕಲ್ಲು ಕಾರಿನ ಮೇಲಕ್ಕೆ ಹೋದವು. ನೀರು ತುಂಬಿಸುವುದು ತಂಗುವ ಜಾಗದ ಹತ್ತಿರ ಬಂದ ಮೇಲೆ. ದಾರಿಗೆ 10 ಲೀಟರ್ ಸಾಕು. ಎಸಿಯನ್ನು ಇಳಿಸಿದೆ. ಹೊರಗಿನ ಕರೆಂಟು ಸಿಕ್ಕಿದಾಗ ಮಾತ್ರ ಅದು ಓಡುತ್ತಿತ್ತು, ನಮಗೆ ಕರೆಂಟು ಸಿಗುತ್ತಿದ್ದದ್ದೇ ಅಪರೂಪ. ಚಾವಣಿಯಲ್ಲಿ ಉಳಿದ 14 ಇಂಚು ಚೌಕದ ತೂತಿಗೆ ಫ್ಯಾನ್ ಇರುವ ಕಿಂಡಿ ಅಳತೆ ಮಾಡಿದಂತೆ ಕೂತಿತು. ಎರಡಕ್ಕೂ ಅಳತೆ ಒಂದೇ ಅಂತ ಗೊತ್ತಾದಾಗ ಆದ ಸಂತೋಷ ಅಷ್ಟಿಷ್ಟಲ್ಲ.

ಬ್ಯಾಟರಿಯ ಮೇಲೆ ಮಾತ್ರ ಧಾರಾಳವಾಗಿ ಖರ್ಚು ಮಾಡಿದೆ. 100 ಆಂಪಿಯರ್ ಅವರ್ (ಬ್ಯಾಟರಿ ಎಷ್ಟು ಕರೆಂಟು ಹಿಡಿಯುತ್ತದೆ ಅನ್ನುವ ಅಳತೆ) ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಳಸಿದರೆ ಅದರ ಆಯುಸ್ಸು ಬೇಗ ಮುಗಿಯುತ್ತದೆ. ಅಂದರೆ ಕೈಗೆ ಸಿಗುವುದು 50. ಅಷ್ಟೇ ಅಳತೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ನಮ್ಮದು 12 ಕೆ.ಜಿ., 80ರವರೆಗೆ ಧೈರ್ಯವಾಗಿ ಬಳಸಬಹುದು. ಅದನ್ನು ಮುಂದಿನ ಪೆಟ್ಟಿಗೆಯಲ್ಲಿ ಕೂರಿಸಿದೆ. ಒಂದು ಎಚ್ಚರಿಕೆ: ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಇನ್ನೊಂದು, ಕಾರಿನಿಂದ ಟ್ರೇಲರಿಗೆ ಬರುವ ತಂತಿ ಉದ್ದ, ಸಪೂರ. ದಾರಿಯಲ್ಲೇ ವೋಲ್ಟೇಜ್ ಸೋರಿಹೋಗುತ್ತದೆ. ದಿನವಿಡೀ ಓಡಿಸಿದರೂ ಬ್ಯಾಟರಿ ತುಂಬುತ್ತಿರಲಿಲ್ಲ. ಇಳಿದ ವೋಲ್ಟೇಜನ್ನು ಮತ್ತೆ ಏರಿಸಿ ಡಿಸಿಯಿಂದ ಡಿಸಿಗೆ ಚಾರ್ಜ್ ಮಾಡುವ ಪೆಟ್ಟಿಗೆಯನ್ನು ಬ್ಯಾಟರಿಯ ಪಕ್ಕದಲ್ಲೇ ಹಾಕಿ, ದಪ್ಪ ತಂತಿ ಎಳೆದ ಮೇಲೆ ಸರಿಹೋಯಿತು.

ಇಷ್ಟಾದ ಮೇಲೆ ಮತ್ತೆ ತೂಗಿದೆ. ಒಟ್ಟು 770, ಮೂಕಿ ಭಾರ 90. ಶೇ. 12ರ ಹತ್ತಿರ. ಅದೇ ಇಳಿಜಾರಿನಲ್ಲಿ, ಈ ಸಲ 80ರಲ್ಲಿ, ಅಂಥದ್ದೇ ಲಾರಿ ಪಕ್ಕದಲ್ಲಿ ಹೋಯಿತು. ಸಣ್ಣದೊಂದು ತಳ್ಳು ಬಂತು, ಅಷ್ಟೇ. ಹೆಂಡತಿ ಫೋನಿನಿಂದ ತಲೆ ಎತ್ತಲಿಲ್ಲ.

ಒಂದು ಮಾತು ಬಿಟ್ಟುಹೋಯಿತು. ಆ 90 ಕೆ.ಜಿ. ಕಾರಿನ ಮೇಲೆ ಬಿದ್ದ ಭಾರ. ಕಾರು ಹೊರಬಲ್ಲ ತೂಕದಲ್ಲಿ ಅದನ್ನೂ, ಮೇಲಿನ ಸೈಕಲ್ಲುಗಳನ್ನೂ ಕಳೆಯಬೇಕು. ಎಷ್ಟು ಎಳೆಯಬಲ್ಲದು ಅನ್ನುವ ಅಂಕಿಯನ್ನು ಎಲ್ಲರೂ ನೋಡುತ್ತಾರೆ, ಎಷ್ಟು ಹೊರಬಲ್ಲದು ಅನ್ನುವುದನ್ನು ನೋಡುವವರು ಕಡಿಮೆ. ಹಿಚ್ಚಿನ ಎತ್ತರವೂ ಮುಖ್ಯ. ಟ್ರೇಲರ್ ಮಟ್ಟವಾಗಿರಬೇಕು, ಇಲ್ಲವೇ ಮೂಗು ಒಂಚೂರು ತಗ್ಗಿರಬೇಕು. ಮೂಗೆತ್ತಿ ನಿಂತಿದ್ದರೆ ಭಾರ ಹಿಂದಕ್ಕೆ ಸರಿಯುತ್ತದೆ, ಮಾಡಿದ್ದೆಲ್ಲ ದಂಡ.

ಬ್ರೇಕಿನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮದರಲ್ಲಿ ಎಲೆಕ್ಟ್ರಿಕ್ ಬ್ರೇಕ್ ಇದೆ. ಅದನ್ನು ನಡೆಸುವ ಕಂಟ್ರೋಲರ್ ಕಾರಿನೊಳಗೆ, ಮೊಣಕಾಲಿನ ಹತ್ತಿರ. ಅದಕ್ಕೊಂದು ಕೈಯಿಂದ ಒತ್ತುವ ಲಿವರ್ ಇದೆ. ಓಲಾಟ ಶುರುವಾದರೆ ಕಾರಿನ ಬ್ರೇಕ್ ಮುಟ್ಟದೆ ಆ ಲಿವರನ್ನು ಮೆಲ್ಲಗೆ ಒತ್ತಿದರೆ ಟ್ರೇಲರ್ ಮಾತ್ರ ಹಿಂದಿನಿಂದ ಜಗ್ಗಿ ನೆಟ್ಟಗಾಗುತ್ತದೆ. ಆ ದಿನ ನನಗೆ ಅದು ಅಲ್ಲಿದೆ ಅನ್ನುವುದೇ ನೆನಪಾಗಲಿಲ್ಲ. ಈಗ ಪ್ರತಿ ಪ್ರವಾಸದ ಮೊದಲ ಕಿಲೋಮೀಟರಿನಲ್ಲಿ, ಖಾಲಿ ರಸ್ತೆಯಲ್ಲಿ ಒಮ್ಮೆ ಒತ್ತಿ ನೋಡುತ್ತೇನೆ. ಕೈಗೂ ಅಭ್ಯಾಸ, ಬ್ರೇಕಿಗೂ ಪರೀಕ್ಷೆ.

ಸಿಕ್ಕಿಸುವ ಕೆಲಸದಲ್ಲಿ ನನಗೊಂದು ನಿಯಮ: ನಡುವೆ ಯಾರಾದರೂ ಮಾತಾಡಿಸಿದರೆ ಮೊದಲಿನಿಂದ ಶುರು. ಕಪ್ಲರ್ ಬಾಲಿನ ಮೇಲೆ ಕೂತು ಕೊಕ್ಕೆ ಬಿದ್ದ ಹಾಗೆ ಕಾಣುತ್ತದೆ, ಆದರೆ ಬಾಲಿನ ತುದಿಯಲ್ಲಷ್ಟೇ ನಿಂತಿರುತ್ತದೆ. ಅದಕ್ಕೇ ಪಿನ್ ಹಾಕಿದ ಮೇಲೆ ಜಾಕ್ ತಿರುಗಿಸಿ ಮೂಕಿಯನ್ನು ಮೇಲಕ್ಕೆತ್ತಿ ನೋಡುತ್ತೇನೆ. ಕಾರಿನ ಹಿಂಭಾಗವೂ ಜೊತೆಗೇ ಎದ್ದರೆ ಸರಿಯಾಗಿ ಹಿಡಿದಿದೆ. ಸೇಫ್ಟಿ ಚೈನುಗಳನ್ನು ಕಪ್ಲರಿನ ಕೆಳಗೆ ಒಂದರ ಮೇಲೊಂದು ಅಡ್ಡಹಾಯಿಸಿ ಹಾಕಬೇಕು. ಅಕಸ್ಮಾತ್ ಕಳಚಿದರೆ ಮೂಕಿ ರಸ್ತೆಗೆ ಬೀಳದೆ ತೊಟ್ಟಿಲಿನ ಹಾಗೆ ಅದರಲ್ಲಿ ಕೂರುತ್ತದೆ. ಟ್ರೇಲರ್ ಬಿಟ್ಟುಹೋದರೆ ತಾನೇ ಬ್ರೇಕ್ ಹಾಕುವ ಸ್ವಿಚ್ಚಿನ ತಂತಿಯನ್ನು ಚೈನಿಗಲ್ಲ, ಕಾರಿಗೇ ಬೇರೆಯಾಗಿ ಸಿಕ್ಕಿಸುವುದು. ಕಳಚುವಾಗಲೂ ಮೊದಲ ಕೆಲಸ ಚಕ್ರಕ್ಕೆ ಅಡ್ಡಗಟ್ಟೆ. ಒಮ್ಮೆ ಮರೆತು ಕಪ್ಲರ್ ಬಿಚ್ಚಿದ್ದೆ. ಎರಡಡಿ ಹಿಂದಕ್ಕೆ ಹೋಗಿ ಮರಕ್ಕೆ ತಾಗಿ ನಿಂತಿತು. ಮರಕ್ಕೆ ಏನೂ ಆಗಲಿಲ್ಲ.

ಹಿಂದಕ್ಕೆ ಬಿಡುವುದು ಬೇರೆಯೇ ಅಧ್ಯಾಯ. ಟ್ರೇಲರ್ ಚಿಕ್ಕದಾದಷ್ಟೂ ಸುಲಭ ಅಂದುಕೊಂಡಿದ್ದೆ, ತಿರುಗುಮುರುಗು. ಬಾಲಿನಿಂದ ಆಕ್ಸಲಿಗೆ ದೂರ ಕಡಿಮೆ ಇದ್ದಷ್ಟೂ ಅದು ಬೇಗ ತಿರುಗುತ್ತದೆ, ನೋಡುನೋಡುತ್ತಲೇ ಕತ್ತರಿಯ ಹಾಗೆ ಮಡಚಿಕೊಳ್ಳುತ್ತದೆ. ನನಗೆ ಸಹಾಯವಾದದ್ದು ಸ್ಟೀರಿಂಗಿನ ಕೆಳತುದಿ ಹಿಡಿಯುವುದು. ಕೈ ಎಡಕ್ಕೆ ಹೋದರೆ ಟ್ರೇಲರ್ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ತಲೆಯಲ್ಲಿ ಉಲ್ಟಾ ಲೆಕ್ಕ ಬೇಕಿಲ್ಲ. ಜೊತೆಗೆ, ಹಿಂದೆ ನಿಂತು ಹೇಳುವವರ ಮಾತು. ಮೊದಲ ಸಲ ಹೆಂಡತಿ "ರೈಟ್, ರೈಟ್" ಅನ್ನುತ್ತಿದ್ದಳು. ನಾನು ಬಲಕ್ಕೆ ತಿರುಗಿಸುತ್ತಾ ಹೋದೆ. ಅವಳು ಹೇಳಿದ್ದು "ಸರಿಯಾಗಿದೆ, ಬನ್ನಿ" ಅಂತ! ಈಗ "ನಿಮ್ಮ ಬದಿ, ನನ್ನ ಬದಿ" ಅಂತ ಮಾಡಿಕೊಂಡಿದ್ದೇವೆ. ನನ್ನ ಬದಿ ಅಂದರೆ ಅವಳು ಕಾರಿನಲ್ಲಿ ಕೂರುವ ಬದಿ. ಅವಳು ಕನ್ನಡಿಯಲ್ಲಿ ಕಾಣದಿದ್ದರೆ ನಾನು ನಿಲ್ಲಿಸಿಬಿಡುತ್ತೇನೆ.

ಗ್ಯಾಸಿನ ವಿಷಯ ಚಿಕ್ಕದು, ಆದರೆ ಬಿಡುವಂಥದ್ದಲ್ಲ. ಎಲ್ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತದೆ. ಅದನ್ನು ಪತ್ತೆಮಾಡುವ ಅಲಾರಂ ನೆಲದ ಹತ್ತಿರವೇ ಇರಬೇಕು. ಕಾರ್ಬನ್ ಮಾನಾಕ್ಸೈಡಿಗೆ ಬೇರೆ ಅಲಾರಂ. ಪೈಪಿನ ಜೋಡಣೆಗಳಿಗೆ ವರ್ಷಕ್ಕೊಮ್ಮೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡುತ್ತೇನೆ. ಗಾಡಿ ಹೊರಟಿತೆಂದರೆ ಸಿಲಿಂಡರಿನ ವಾಲ್ವ್ ಬಂದ್.

ದಾರಿಯಲ್ಲಿ ಟೀಗೆ ನಿಲ್ಲಿಸಿದಾಗಲೆಲ್ಲ ಚಕ್ರದ ನಡುವಿನ ಹಬ್ಬನ್ನು ಕೈಯಿಂದ ಮುಟ್ಟಿ ನೋಡುವ ಚಟ ಅಂಟಿಕೊಂಡಿದೆ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಟ್ಟರೆ ಬೇರಿಂಗಿಗೆ ಗ್ರೀಸ್ ಸಾಲದು, ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ. ವರ್ಷಕ್ಕೊಮ್ಮೆ ಬೇರಿಂಗ್ ಬಿಚ್ಚಿ, ತೊಳೆದು, ಹೊಸ ಗ್ರೀಸ್ ತುಂಬುತ್ತೇನೆ. ಚಕ್ರ ಬಿಚ್ಚಿ ಹಾಕಿದ ಮೇಲೆ 80 ಕಿ.ಮೀ. ಓಡಿಸಿ ನಟ್ಟುಗಳನ್ನು ಮತ್ತೊಮ್ಮೆ ಟಾರ್ಕ್ ಸ್ಪ್ಯಾನರಿನಿಂದ ಬಿಗಿ ಮಾಡುವುದು. ಅವು ಸಡಿಲವಾಗುವುದನ್ನು ಕಣ್ಣಾರೆ ಕಂಡಿದ್ದೇನೆ.

ಕಳೆದ ತಿಂಗಳು ಹಾಗೆ ಮುಟ್ಟಿ ನೋಡಿದಾಗ ಎಡಗಡೆಯ ಹಬ್ ಬಲಗಡೆಯದಕ್ಕಿಂತ ಬಿಸಿ ಇತ್ತು. ಮನೆಗೆ ಬಂದು ಡ್ರಮ್ ಬಿಚ್ಚಿದೆ. ಕರೆಂಟು ಹರಿದಾಗ ಬ್ರೇಕ್ ಹಿಡಿಸುವ ಮ್ಯಾಗ್ನೆಟ್ ಬಲಗಡೆಯದು ಸವೆದು ಹೋಗಿತ್ತು, ಇಷ್ಟು ದಿನ ಎಡಗಡೆಯದೇ ಎಲ್ಲ ಕೆಲಸ ಮಾಡುತ್ತಿತ್ತು. ಎರಡಕ್ಕೂ ಹೊಸದು ತರಿಸಿದ್ದೇನೆ, ಇನ್ನೂ ಪೊಟ್ಟಣದಲ್ಲೇ ಇವೆ. ಭಾನುವಾರ ಮಳೆ ಬಿಡುವು ಕೊಟ್ಟರೆ ಹಾಕಬೇಕು.