ಕೋಲಾರದ ಬೋರ್ ನೀರಲ್ಲಿ ಗಿಡ ಬದುಕಿಸ್ಕೊಳ್ಳೋದು ಹೇಗೆ

ಬೆಂಗಳೂರಿಂದ ತಂದಿದ್ದ ಒಂದು ಡ್ರಸೀನಾ ಗಿಡ ನಮ್ಮನೆ ಹಾಲಲ್ಲಿ ಮೂರು ತಿಂಗಳು ಚೆನ್ನಾಗೇ ಇತ್ತು, ಆಮೇಲೆ ಎಲೆ ತುದಿ ಒಂದೊಂದೇ ಕಂದು ಬಣ್ಣಕ್ಕೆ ತಿರುಗಿ ಗರಗರ ಅನ್ನೋ ಹಾಗೆ ಒಣಗೋಕೆ ಶುರುವಾಯ್ತು. ನೀರು ಸಾಲ್ತಿಲ್ಲ ಅಂದ್ಕೊಂಡು ಇನ್ನೊಂದು ಚೊಂಬು ಜಾಸ್ತಿ ಹಾಕಿದೆ, ಅದು ಇನ್ನೂ ಬೇಗ ಒಣಗ್ತು. ಆಮೇಲೆ ಗೊತ್ತಾಯ್ತು, ತೊಂದ್ರೆ ಇದ್ದಿದ್ದೇ ನಾನು ಹಾಕ್ತಿದ್ದ ನೀರಲ್ಲಿ.

ನಮ್ಮ ಜಿಲ್ಲೆ ಬೋರ್ ನೀರಲ್ಲಿ ಎಷ್ಟೋ ಕಡೆ ಫ್ಲೋರೈಡ್ ಜಾಸ್ತಿ, ಕುಡಿಯೋ ನೀರಿಗೆ ಇರೋ 1 ಲೀಟರಿಗೆ 1.5 ಮಿಲಿಗ್ರಾಂ ಮಿತಿನೂ ದಾಟಿರುತ್ತೆ, ಜೊತೆಗೆ ಸುಣ್ಣದ ಅಂಶ ಬೇರೆ. ಡ್ರಸೀನಾ, ಸ್ಪೈಡರ್ ಪ್ಲಾಂಟ್ ಥರದ ಗಿಡಗಳಿಗೆ ಫ್ಲೋರೈಡ್ ಆಗ್ಬರಲ್ಲ, ಬೇರಿಂದ ಮೇಲೆ ಹೋಗಿದ್ದು ಎಲೆ ತುದಿಲಿ ಸೇರ್ಕೊಂಡು ಅಲ್ಲೇ ಸುಡುತ್ತೆ. ಇವೆರಡಕ್ಕೆ ಮಳೆ ನೀರು ಹಾಕಿ, ಇಲ್ಲಾಂದ್ರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತರೋ ಕ್ಯಾನ್ ನೀರು ಹಾಕಿ, ಮನೆ ಒಳಗಿನ ಎರಡು ಕುಂಡಕ್ಕೆ ವಾರಕ್ಕೆ ಒಂದೆರಡು ಲೀಟರ್ ಸಾಕು. ಸೂಪರ್ ಫಾಸ್ಫೇಟ್ ಗೊಬ್ಬರದಲ್ಲೂ ಫ್ಲೋರೈಡ್ ಇರುತ್ತೆ, ಅದನ್ನ ಈ ಗಿಡಗಳ ಹತ್ರ ತರ್ಲೇಬೇಡಿ. ಒಣಗಿದ ತುದಿ ಮತ್ತೆ ಹಸಿರಾಗಲ್ಲ, ಹೊಸದಾಗಿ ಬರೋ ಎಲೆ ನೋಡಿ ಗಿಡ ಸುಧಾರಿಸ್ತಾ ಇದ್ಯಾ ಅಂತ ತಿಳ್ಕೋಬೇಕು.

ತುಂಬಾ ಜನ ಕೇಳ್ತಾರೆ, ನೀರು ಒಂದು ರಾತ್ರಿ ಬಕೆಟಲ್ಲಿ ಇಟ್ಟು ಹಾಕಿದ್ರೆ ಸಾಲ್ದಾ ಅಂತ. ಹಾಗೆ ಇಟ್ರೆ ನಲ್ಲಿ ನೀರಿನ ಕ್ಲೋರಿನ್ ಹೋಗುತ್ತೆ ಅಷ್ಟೇ, ಉಪ್ಪು, ಸುಣ್ಣ, ಫ್ಲೋರೈಡ್ ಎಲ್ಲಾ ಅಲ್ಲೇ ಇರುತ್ತೆ. ಇನ್ನೊಂದು ದೊಡ್ಡ ತಪ್ಪು ಅಂದ್ರೆ ಆರ್‌ಓ ಫಿಲ್ಟರಿಂದ ಹೊರಗೆ ಬರೋ ನೀರನ್ನ ವೇಸ್ಟ್ ಯಾಕೆ ಮಾಡೋದು ಅಂತ ಕುಂಡಕ್ಕೆ ಸುರಿಯೋದು. ಫಿಲ್ಟರ್ ತೆಗೆದ ಉಪ್ಪೆಲ್ಲಾ ಇರೋದೇ ಆ ನೀರಲ್ಲಿ, ಅದನ್ನ ಬಚ್ಚಲು ತೊಳೆಯೋಕೆ ಇಟ್ಕೊಳ್ಳಿ.

ಹೊರಗಡೆ ಕುಂಡಕ್ಕೆಲ್ಲಾ ಕ್ಯಾನ್ ನೀರು ಹಾಕೋಕಾಗಲ್ಲ, ಅಲ್ಲಿ ಬೋರ್ ನೀರೇ ಗತಿ. ನಿಮ್ಮ ಕುಂಡದ ಮಣ್ಣು ಒಂದ್ಸಲ ಹತ್ರದಿಂದ ನೋಡಿ, ಮೇಲೆ ಬಿಳೀ ಪೊರೆ ಕಟ್ಟಿರುತ್ತೆ, ಮಣ್ಣಿನ ಕುಂಡ ಆದ್ರೆ ಹೊರಗಡೆ ಗೋಡೆಗೂ ಸುಣ್ಣ ಬಳಿದ ಹಾಗೆ ಮೆತ್ಕೊಂಡಿರುತ್ತೆ, ಚಮಚದಲ್ಲಿ ಕೆರೆದ್ರೆ ಪುಡಿಪುಡಿಯಾಗಿ ಉದುರುತ್ತೆ. ಆ ಮೇಲಿನ ಪದರ ಅರ್ಧ ಇಂಚು ಕೆರೆದು ಬಿಸಾಕಿ ಹೊಸ ಗೊಬ್ಬರ ಮಣ್ಣು ಹಾಕಿ, ಮತ್ತೆ ತಿಂಗಳಿಗೊಂದ್ಸಲ ಕುಂಡದ ತಳದ ತೂತಿಂದ ನೀರು ಧಾರಾಳವಾಗಿ ಹರಿದು ಹೋಗೋ ಹಾಗೆ ನೀರು ಬಿಡಿ, ಉಪ್ಪು ತೊಳ್ಕೊಂಡು ಹೋಗುತ್ತೆ. ತಟ್ಟೆಲಿ ನಿಂತ ನೀರು ಚೆಲ್ಲಿಬಿಡಿ.

ಕರಿಬೇವಂತೂ ಈ ನೀರಿಗೆ ಬೇಗ ಸೊರಗುತ್ತೆ. ಹೊಸ ಚಿಗುರು ಹಳದಿ, ಎಲೆ ನರ ಮಾತ್ರ ಹಸಿರು, ಹಾಗಿದ್ರೆ ಅದು ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇಲ್ಲ ಅಂತೇನಿಲ್ಲ, ನಮ್ಮದು ಕೆಮ್ಮಣ್ಣು, ಅದರ ಕೆಂಪೇ ಕಬ್ಬಿಣದ್ದು, ಆದ್ರೆ ಸುಣ್ಣದ ನೀರು ಹಾಕಿ ಹಾಕಿ ಮಣ್ಣು ಕ್ಷಾರ ಆದ್ರೆ ಬೇರಿಗೆ ಅದನ್ನ ಎಳ್ಕೊಳ್ಳೋಕಾಗಲ್ಲ. ಅಂಗಡಿಲಿ ಸಿಗೋ ನಿಂಬೆ ಉಪ್ಪು ಅರ್ಧ ಟೀ ಚಮಚ 10 ಲೀಟರ್ ನೀರಿಗೆ ಕಲಸಿ 15 ದಿನಕ್ಕೊಂದ್ಸಲ ಹಾಕಿ. ನಮ್ಮಮ್ಮ ಮೊದಲಿಂದಾನೂ ಉಪ್ಪು ಹಾಕ್ದೇ ಇರೋ ಹುಳಿ ಮಜ್ಜಿಗೆನ ನೀರು ಮಾಡಿ ಕರಿಬೇವಿನ ಬುಡಕ್ಕೆ ಹಾಕ್ತಿದ್ರು, ಅದೂ ಇದೇ ಕೆಲಸ ಸ್ವಲ್ಪ ಮಟ್ಟಿಗೆ ಮಾಡುತ್ತೆ. ತೀರಾ ಹಳದಿಯಾಗಿದ್ರೆ ಗೊಬ್ಬರದಂಗಡಿಲಿ ಐರನ್ ಚಿಲೇಟ್ ಕೇಳಿ ತಂದು ಪ್ಯಾಕೆಟ್ ಮೇಲೆ ಬರೆದಿರೋ ಅಳತೆಗೆ ಎಲೆಗೆ ಸ್ಪ್ರೇ ಮಾಡಿ. ಹಳದಿಯಾಗಿರೋದು ಕೆಳಗಿನ ಹಳೇ ಎಲೆ ಆದ್ರೆ ಕಥೆ ಬೇರೆ, ಅದು ಸಾಮಾನ್ಯವಾಗಿ ಸಾರಜನಕ ಕಮ್ಮಿ ಇರೋದು, 100 ಗ್ರಾಂ ಕಡ್ಲೆಕಾಯಿ ಹಿಂಡಿ 1 ಲೀಟರ್ ನೀರಲ್ಲಿ ಎರಡು ಮೂರು ದಿನ ನೆನೆಸಿ, ಅದಕ್ಕೆ ಹತ್ತರಷ್ಟು ನೀರು ಸೇರಿಸಿ ಬುಡಕ್ಕೆ ಹಾಕಿ. ವಾಸನೆ ಬರುತ್ತೆ, ಹೊರಗಡೆ ಗಿಡಕ್ಕಷ್ಟೇ ಇಟ್ಕೊಳ್ಳಿ.

ಮಳೆ ನೀರು ಹಿಡಿಯೋದನ್ನ ದಯವಿಟ್ಟು ಬಿಡ್ಬೇಡಿ. 10 ಅಡಿಗೆ 10 ಅಡಿ ಶೀಟ್ ಮೇಲೆ 10 ಮಿಲಿಮೀಟರ್ ಮಳೆ ಬಿದ್ರೆ ಸುಮಾರು 90 ಲೀಟರ್ ನೀರು. ಮೊದಲ ಐದತ್ತು ನಿಮಿಷದ ಮಳೆಲಿ ಧೂಳು ಹಕ್ಕಿ ಹಿಕ್ಕೆ ಎಲ್ಲಾ ಬರುತ್ತೆ, ಅದನ್ನ ಬಿಟ್ಟು ಆಮೇಲೆ ಡ್ರಮ್ಮಿಗೆ ತಿರುಗಿಸಿ, ಸೊಳ್ಳೆ ಆಗ್ದೇ ಇರೋಕೆ ಬಾಯಿಗೆ ಬಟ್ಟೆ ಬಿಗಿಯಾಗಿ ಕಟ್ಟಿ. ನಮ್ಕಡೆ ಸೆಪ್ಟೆಂಬರ್ ಅಕ್ಟೋಬರಲ್ಲೇ ಒಳ್ಳೇ ಮಳೆ, ಆಗ ಎರಡು ಡ್ರಮ್ ತುಂಬಿಸಿಟ್ರೆ ಮನೆ ಒಳಗಿನ ಗಿಡಕ್ಕೆ ತಿಂಗಳುಗಟ್ಲೆ ಬರುತ್ತೆ.

ಇನ್ನು ಎಷ್ಟು ನೀರು ಅನ್ನೋದು. ದಿನಾ ಒಂದು ಲೋಟ ಅನ್ನೋ ಲೆಕ್ಕ ಬಿಟ್ಟುಬಿಡಿ. ಬೆರಳು ಎರಡು ಗಿಣ್ಣು ಮಣ್ಣೊಳಗೆ ಇಳಿಸಿ ನೋಡಿ, ತಣ್ಣಗೆ ಅಂಟಿದ್ರೆ ನೀರು ಬೇಡ. ಸ್ನೇಕ್ ಪ್ಲಾಂಟಿಗೆ ಮಣ್ಣು ತಳದವರೆಗೂ ಒಣಗಿದ ಮೇಲೇನೇ ನೀರು, ಮನಿ ಪ್ಲಾಂಟಿಗೆ ಮೇಲಿನ ಒಂದು ಇಂಚು ಒಣಗಿದ್ರೆ ಸಾಕು. ಗಿಡ ಬಾಡಿದೆ ಆದ್ರೆ ಮಣ್ಣು ಒದ್ದೆ ಇದೆ ಅಂದ್ರೆ ಬೇರು ಕೊಳೀತಿದೆ ಅಂತ ಅರ್ಥ, ತಡ ಮಾಡ್ದೆ ಕುಂಡ ಬಗ್ಗಿಸಿ ಗಿಡ ಹೊರಗೆ ತೆಗೀರಿ. ಒಳ್ಳೇ ಬೇರು ಗಟ್ಟಿಯಾಗಿರುತ್ತೆ, ಕೊಳೆತಿದ್ದು ಕಪ್ಪಗಿದ್ದು ಹಿಸುಕಿದ್ರೆ ಸಿಪ್ಪೆ ಕಳಚಿ ಒಳಗಿನ ನಾರು ಮಾತ್ರ ಕೈಗೆ ಬರುತ್ತೆ, ಅಂಥದ್ದೆಲ್ಲಾ ಕತ್ತರಿಸಿ ಹೊಸ ಮಣ್ಣಲ್ಲಿ ನೆಡಿ.

ಮಣ್ಣಿಗೆ ನಾನು ಕೆಮ್ಮಣ್ಣು, ಹಳೇ ಕೊಟ್ಟಿಗೆ ಗೊಬ್ಬರ, ಕೋಕೋಪೀಟ್ ಸಮ ಸಮ ಹಾಕಿ ಒಂದು ಹಿಡಿ ಬೇವಿನ ಹಿಂಡಿ ಸೇರಿಸ್ತೀನಿ. ಬರೀ ಕೆಮ್ಮಣ್ಣು ಹಾಕಿದ್ರೆ ಒಣಗಿದಾಗ ಇಟ್ಟಿಗೆ ಥರ ಗಟ್ಟಿಯಾಗುತ್ತೆ. ಕೋಕೋಪೀಟಲ್ಲೂ ಉಪ್ಪಿರುತ್ತೆ, ಎರಡು ಮೂರು ಸಲ ನೆನೆಸಿ ಹಿಂಡಿ ಹಾಕಿ. ಗೊಬ್ಬರ ಕಪ್ಪಗೆ, ವಾಸನೆ ಇಲ್ದೆ, ಪುಡಿಪುಡಿಯಾಗಿರ್ಬೇಕು, ಹಸೀದು ಹಾಕಿದ್ರೆ ಅದರ ಜೊತೆ ಗೊಣ್ಣೆ ಹುಳು ಬಂದು ಬೇರು ತಿನ್ನುತ್ತೆ.

ಒಳಗಿನ ಗಿಡಕ್ಕೆ ಪೂರ್ವದ ಕಿಟಕಿ ಪಕ್ಕ ಒಳ್ಳೇದು. ಎಲೆ ಮೇಲಿನ ಧೂಳು ವಾರಕ್ಕೊಂದ್ಸಲ ಒದ್ದೆ ಬಟ್ಟೆಲಿ ಒರೆಸಿ. ಏಪ್ರಿಲ್ ಮೇ ಬಿಸಿಲಿಗೆ ಟೆರೇಸ್ ಗಿಡಕ್ಕೆ 50 ಪರ್ಸೆಂಟ್ ಶೇಡ್ ನೆಟ್ ಕಟ್ಟಿ, ನೀರು ಬೆಳಗ್ಗೆ ಬೇಗ ಹಾಕಿ.

ದಾಸವಾಳದ ಮೊಗ್ಗಿನ ಸಂದಿಲಿ ಬಿಳೀ ಹಿಟ್ಟು ತಿಗಣೆ ಕೂರುತ್ತೆ, ಗಿಡದ ಮೇಲೆ ಇರುವೆ ಓಡಾಡ್ತಿದ್ರೆ ಆಗ್ಲೇ ಹುಡುಕಿ, ಇರುವೆಗಳೇ ಅದನ್ನ ಕಾಯೋದು. ಕಮ್ಮಿ ಇದ್ರೆ ನೀರು ಜೋರಾಗಿ ಬಿಟ್ಟು ತೊಳೀರಿ. ಜಾಸ್ತಿ ಇದ್ರೆ 1 ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ಬೆರೆಯೋಕೆ ಕೆಲವು ಹನಿ ಸೋಪಿನ ನೀರು ಹಾಕಿ ಸಂಜೆ ಹೊತ್ತು ಎಲೆ ಅಡಿಗೂ ತಾಗೋ ಹಾಗೆ ಹೊಡೀರಿ, ವಾರ ಬಿಟ್ಟು ಇನ್ನೊಂದ್ಸಲ. ಬಿಸಿಲಲ್ಲಿ ಹೊಡೆದ್ರೆ ಎಲೆ ಸುಡುತ್ತೆ. ನಿಮ್ಮನೆ ಪಕ್ಕದಲ್ಲಿ ಯಾರಾದ್ರೂ ಹಿಪ್ಪುನೇರಳೆ ಬೆಳೆದಿದ್ರೆ ಮಾತ್ರ ಈ ಎಣ್ಣೆ ಸ್ಪ್ರೇ ಮಾಡ್ಲೇಬೇಡಿ, ಗಾಳಿಲಿ ಹಾರಿ ಆ ಸೊಪ್ಪಿನ ಮೇಲೆ ಬಿದ್ರೆ ಅದನ್ನ ತಿಂದ ರೇಷ್ಮೆ ಹುಳು ಸಾಯುತ್ತೆ, ಅಂಥ ಕಡೆ ಹತ್ತಿನ ಸ್ಪಿರಿಟಲ್ಲಿ ಅದ್ದಿ ಒಂದೊಂದೇ ತಿಗಣೆ ಒರೆಸಿ ತೆಗೀರಿ.