ನೇಮ್ ಸರ್ವರ್ ಸಿಗುತ್ತಿಲ್ಲವೇ? ಪೈರೋ5 ಜಾಲದಲ್ಲಿ ಎಲ್ಲೆಲ್ಲಿ ನೋಡಬೇಕು

ಪೈರೋ5 ಎಂದರೆ ಒಂದು ಕಂಪ್ಯೂಟರಿನ ಪೈಥಾನ್ ಆಬ್ಜೆಕ್ಟನ್ನು ಇನ್ನೊಂದರಿಂದ ಕರೆಯಲು ನೆರವಾಗುವ ಲೈಬ್ರರಿ. ಆ ಆಬ್ಜೆಕ್ಟುಗಳ ಹೆಸರು, ವಿಳಾಸ ಬರೆದಿಟ್ಟುಕೊಳ್ಳುವುದು ಅದರ ನೇಮ್ ಸರ್ವರ್. ಲ್ಯಾಬಿನ ಒಂದು ಕಂಪ್ಯೂಟರಿನಲ್ಲಿ ಸರಾಗವಾಗಿ ಓಡಿದ ಪೈರೋ5 ಪ್ರೋಗ್ರಾಂ ಪಕ್ಕದ ಮೇಜಿನಿಂದ ಕರೆದರೆ ನೇಮಿಂಗ್‌ಎರರ್ ಕೊಡುತ್ತಿದೆಯೇ? ಕೋಡ್ ತಿದ್ದಲು ಕೂಡಬೇಡಿ. ನೇಮ್ ಸರ್ವರ್ ಶುರುವಾದಾಗ ಪರದೆ ಮೇಲೆ ಬಿದ್ದ ಸಾಲುಗಳನ್ನು ಮೊದಲು ಓದಿ.

ಅಲ್ಲಿ ಲೋಕಲ್‌ಹೋಸ್ಟ್:9090 ಎಂದಿದ್ದರೆ ರೋಗ ಅಲ್ಲೇ ಸಿಕ್ಕಿತು. ಪೈರೋ ತಾನಾಗಿ ಲೋಕಲ್‌ಹೋಸ್ಟ್‌ಗೆ ಮಾತ್ರ, ಅಂದರೆ ಅದೇ ಕಂಪ್ಯೂಟರಿನೊಳಗಿನ ಕರೆಗಳಿಗಷ್ಟೇ, ಕಿವಿಗೊಡುತ್ತದೆ. ಆಗ ‘ನೇಮ್ ಸರ್ವರ್ ಎಲ್ಲಿದೆ’ ಎಂಬ ಕೂಗಿಗೆ ಉತ್ತರಿಸುವ ಬ್ರಾಡ್‌ಕಾಸ್ಟ್ ಸರ್ವರ್ ಏಳುವುದೇ ಇಲ್ಲ. ‘ಪೈರೋ5-ಎನ್ಎಸ್ -ಎನ್ 192.168.1.20’ ಎಂದು ಆ ಕಂಪ್ಯೂಟರಿನ ನಿಜವಾದ ಐಪಿ ಕೊಟ್ಟು ಶುರುಮಾಡಿ. ಐಪಿ ಬದಲು ಕಂಪ್ಯೂಟರಿನ ಹೆಸರು ಕೊಟ್ಟರೆ ಉಬುಂಟುವಿನಲ್ಲಿ ಇನ್ನೊಂದು ತೊಡಕು: ಇಟಿಸಿ ಫೋಲ್ಡರಿನ ಹೋಸ್ಟ್ಸ್ ಫೈಲ್ ಆ ಹೆಸರನ್ನು ಕಂಪ್ಯೂಟರಿನ ಒಳವಿಳಾಸವಾದ 127.0.1.1ಕ್ಕೆ ಕಟ್ಟಿರುತ್ತದೆ, ಮತ್ತೆ ಅದೇ ಗೋಳು.

ಈಗ ಬೇರೆ ಕಂಪ್ಯೂಟರಿನಿಂದ ನೇಮ್ ಸರ್ವರನ್ನು ವಿಚಾರಿಸುವ ಕಮಾಂಡ್ ‘ಪೈರೋ5-ಎನ್ಎಸ್‌ಸಿ -ಎನ್ 192.168.1.20 ಲಿಸ್ಟ್’ ಕೊಡಿ. ಪಟ್ಟಿ ಬಂದರೆ ದಾರಿ ಸರಿಯಿದೆ. ಬರದಿದ್ದರೆ ಫೈರ್‌ವಾಲ್‌ನಲ್ಲಿ ಟಿಸಿಪಿ 9090 ತೆರೆಯಿರಿ. ಐಪಿ ಕೊಡದೆ ಮಾಡುವ ಹುಡುಕಾಟಕ್ಕೆ ಯುಡಿಪಿ 9091 ಸಹ ಬೇಕು. ಇದನ್ನು ಮರೆಯುವವರೇ ಹೆಚ್ಚು.

ಐಪಿ ಕೊಟ್ಟರೆ ಸಿಗುತ್ತದೆ, ಕೊಡದಿದ್ದರೆ ಸಿಗುವುದಿಲ್ಲ ಎಂದಾದರೆ ಬ್ರಾಡ್‌ಕಾಸ್ಟ್ ತಲುಪುತ್ತಿಲ್ಲ. ಬ್ರಾಡ್‌ಕಾಸ್ಟ್ ಎಂದರೆ ಓಣಿಯಲ್ಲಿ ನಿಂತು ಕೂಗಿದ ಹಾಗೆ, ರೂಟರ್ ದಾಟುವುದಿಲ್ಲ. ಧಾರವಾಡದ ಕಂಪ್ಯೂಟರನ್ನು ವಿಪಿಎನ್ ಮೂಲಕ ಹುಬ್ಬಳ್ಳಿಗೆ ಜೋಡಿಸಿದ್ದರೂ ಸಾಮಾನ್ಯವಾಗಿ ಅಷ್ಟೇ. ವೈಫೈನಲ್ಲಿ ಕ್ಲೈಂಟ್ ಐಸೊಲೇಷನ್ ಹಾಕಿದ್ದರೆ ಒಂದೇ ಕೋಣೆಯಲ್ಲೂ ಕೇಳಿಸದು; ಅದು ಒಂದು ಸಾಧನ ಇನ್ನೊಂದನ್ನು ಮುಟ್ಟದಂತೆ ತಡೆಯುವುದರಿಂದ ಐಪಿ ಕೊಟ್ಟರೂ ಸಿಗದು, ಅದನ್ನು ತೆಗೆಸಬೇಕು. ಉಳಿದ ಕಡೆ, ನೇಮ್ ಸರ್ವರ್ ಹುಡುಕುವ ಲೊಕೇಟ್_ಎನ್ಎಸ್ ಫಂಕ್ಷನ್‌ಗೆ ಐಪಿಯನ್ನೇ ಬರೆಯಿರಿ, ಇಲ್ಲವೇ ಪೈರೋ_ಎನ್ಎಸ್_ಹೋಸ್ಟ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ ಇಡಿ. ನಮ್ಮ ಮಟ್ಟಿಗೆ, ಒಂದೇ ಸಬ್‌ನೆಟ್ (ನಡುವೆ ರೂಟರ್ ಇಲ್ಲದ ಜಾಲ) ಇದ್ದರೂ ಇದೇ ವಾಸಿ.

ನೇಮ್ ಸರ್ವರ್ ಸಿಕ್ಕಿತು, ಆಬ್ಜೆಕ್ಟ್ ಕರೆದರೆ ಕನೆಕ್ಷನ್ ರಿಫ್ಯೂಸ್ಡ್? ಪಟ್ಟಿಯಲ್ಲಿರುವ ಯುಆರ್‌ಐ, ಅಂದರೆ ಆಬ್ಜೆಕ್ಟಿನ ವಿಳಾಸ, ನೋಡಿ. ‘@ಲೋಕಲ್‌ಹೋಸ್ಟ್’ ಎಂದಿದ್ದರೆ ತಪ್ಪು ಡೀಮನ್‌ನದು, ಅಂದರೆ ಆಬ್ಜೆಕ್ಟ್ ಇಟ್ಟುಕೊಂಡು ಕರೆಗಳಿಗೆ ಉತ್ತರಿಸುವ ಭಾಗದ್ದು. ಕ್ಲೈಂಟ್ ತನ್ನ ಮನೆಯ ಬಾಗಿಲನ್ನೇ ತಟ್ಟುತ್ತಿದೆ. ಡೀಮನ್‌ಗೂ ಹೋಸ್ಟ್ ಐಪಿ ಕೊಡಿ. ಜೊತೆಗೆ ಒಂದು ಪೋರ್ಟ್ ನಿಗದಿ ಮಾಡಿ, ಇಲ್ಲದಿದ್ದರೆ ಪ್ರತಿ ಸಲ ಬೇರೆ ಪೋರ್ಟ್ ಹಿಡಿಯುತ್ತದೆ, ಫೈರ್‌ವಾಲ್‌ನಲ್ಲಿ ಯಾವುದನ್ನು ತೆರೆಯುವುದು?

‘ಅನ್‌ನೋನ್ ನೇಮ್’ ಎಂದರೆ ಜಾಲದ ತೊಂದರೆಯಲ್ಲ, ಹೆಸರು ನೋಂದಣಿಯಾಗಿಲ್ಲ. ಕರೆಂಟ್ ಹೋಗಿ ಬಂದ ಮೇಲೆ ಇದು ಸಹಜ, ಏಕೆಂದರೆ ಹೆಸರುಗಳು ಮೆಮೊರಿಯಲ್ಲಷ್ಟೇ ಇರುತ್ತವೆ. ನೇಮ್ ಸರ್ವರ್ ಶುರುಮಾಡುವ ಕಮಾಂಡಿಗೆ ‘-ಎಸ್ ಎಸ್‌ಕ್ಯೂಎಲ್:ನೇಮ್ಸ್.ಡಿಬಿ’ ಸೇರಿಸಿದರೆ ಫೈಲಿನಲ್ಲಿ ಉಳಿಯುತ್ತವೆ. ಆದರೆ ಸತ್ತ ಡೀಮನ್‌ಗಳ ಹಳೆಯ ವಿಳಾಸವೂ ಉಳಿಯುತ್ತದೆ. ಅದನ್ನು ಎನ್ಎಸ್‌ಸಿಯ ರಿಮೂವ್ ಕಮಾಂಡಿನಿಂದ ತೆಗೆಯಿರಿ.